ಹುಳದ ಮನೆಯ ಕಾಂಪೌಂಡರು

ಮಜ್ಜಿಗೆಯ ಲೋಟ ಕೈಗೆ ಕೊಟ್ಟರೆ ಅವರು ಕುಡಿಯುವ ಮೊದಲು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದರು. ಸ್ಟೀಲಿನ ಲೋಟ. ಒಳಗೆ ಎಷ್ಟಿದೆ ಎಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಆದರೂ ಒಂದು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದರು. “ಅದ್ರಾಗೇನು ಗೀಟು ಹಾಕೈತಾ? ಸುಮ್ಕೆ ಕುಡಿಯೋ” ಎಂದು ಅವರ ಅಕ್ಕ ನಗುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಗೀಟು ಹಾಕಿದ ಗಾಜಿನ ಅಳತೆ ಲೋಟದಲ್ಲಿ ಔಷಧಿ ಅಳೆದು ಅಳೆದು ಬಂದ ಅಭ್ಯಾಸ. ಕೆಲಸದಿಂದ ನಿವೃತ್ತರಾಗಿ ಹೊಸೂರು ಸೀಮೆಯ ಉದ್ದನಪಲ್ಲಿಯ ಅಂಚಿನಲ್ಲಿ ಹಿಪ್ಪುನೇರಳೆ ತೋಟ ಮಾಡಿಕೊಂಡು, ರೇಷ್ಮೆ ಹುಳ ಸಾಕಿಕೊಂಡಿದ್ದರೂ ಊರಿಗೆಲ್ಲ ಅವರು ಕಾಂಪೌಂಡರೇ. ಯಾರಾದರೂ ಮರ್ಯಾದೆಗೆ “ಡಾಕ್ಟ್ರೇ” ಎಂದರೆ ಅವರಿಗೆ ಕೋಪ ಬರುತ್ತಿತ್ತು. “ನಾನು ಡಾಕ್ಟ್ರಲ್ಲ. ಡಾಕ್ಟ್ರು ಬರ್ದಿದ್ದನ್ನ ಕಲ್ಸಿ ಕೊಡೋನು” ಎನ್ನುತ್ತಿದ್ದರು.

ಅವರ ವಿಷಯ ನಿಮಗೆ ನಾನು ಯಾವತ್ತೂ ಹೇಳಿಲ್ಲ. ಹೇಳಬೇಕಾದರೆ ನಿಮ್ಮ ತಾತನ ವಿಷಯವನ್ನೂ ಹೇಳಬೇಕಾಗುತ್ತದೆ.

ಹೋದ ತಿಂಗಳು ತಾತನ ವರ್ಷದ ತಿಥಿ ಮಾಡಿದಾಗ ನೆಂಟರಲ್ಲಿ ಒಬ್ಬರು ಊಟಕ್ಕೆ ಕೂತು, “ಅವರಂಗೆ ಇರ್ಬೇಕು ಕಣ್ರಪ್ಪಾ. ಜೀವಮಾನದಾಗೆ ಒಂದು ಬೀಡಿ ಮುಟ್ಟಿದೋರಲ್ಲ” ಎಂದರು. ನೀವು ಮೊಮ್ಮಕ್ಕಳು ಮೂವರೂ ಹೆಮ್ಮೆಯಿಂದ ನನ್ನ ಮುಖ ನೋಡಿದಿರಿ. ನಾನು ಪಾಯಸ ಬಡಿಸುತ್ತ ಮುಂದೆ ಹೋದೆ. ಬಾಯಿಬಿಟ್ಟು ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದ ಬರುವುದಿಲ್ಲ. ಆದರೆ ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಸ್ಕೂಲಿನಲ್ಲಿ ಐದನೇ ಕ್ಲಾಸಿನವರೆಗೆ, ಕನ್ನಡದಲ್ಲಿ. ನಿಮಗೆ ಸ್ಕೂಲಿನಲ್ಲಿ ತಮಿಳು, ಇಂಗ್ಲಿಷು. ನಿಧಾನವಾಗಿ ಓದಿಕೊಳ್ಳಿ. ತಿಳಿಯದಿದ್ದರೆ ನಿಮ್ಮ ಅಮ್ಮನನ್ನು ಕೇಳಿ. ಅವಳಿಗೂ ಇದು ಗೊತ್ತಿಲ್ಲ, ಅವಳೂ ಓದಲಿ.

ಕಾಂಪೌಂಡರ ಹೆಸರು ಬರೆಯುವುದಿಲ್ಲ. ತಮ್ಮ ಹತ್ತಿರ ಬಂದವರ ಹೆಸರನ್ನು ಅವರು ಒಂದು ದಿನವೂ ಇನ್ನೊಬ್ಬರ ಮುಂದೆ ಆಡಿದವರಲ್ಲ. ಅವರ ಹೆಸರನ್ನು ನಾನು ಯಾಕೆ ಆಡಲಿ?

ನಿಮ್ಮ ಅಮ್ಮನ ಎಡಗೈ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಕಲೆ ಇದೆ, ನೋಡಿದ್ದೀರಿ. ಹಾಲು ಚೆಲ್ಲಿದ್ದು ಎಂದು ಅವಳಿಗೆ ನಾನೇ ಹೇಳಿದ್ದು. ಅದು ಹಾಲಲ್ಲ, ಒಲೆಯ ಕೆಂಡ. ಎಪ್ಪತ್ತರ ದಶಕದ ಕೊನೆ. ಅವಳಿಗೆ ಎರಡು ವರ್ಷ. ನಾನು ನೀರಿಗೆ ಹೋಗಿದ್ದೆ. ತಾತ ಒಲೆಯ ಮುಂದೆ ಮಗುವಿನ ಪಕ್ಕದಲ್ಲೇ ಕೂತಿದ್ದರು. ಕೂತಿದ್ದರು, ಅಷ್ಟೇ. ಮಗು ಕೆಂಡಕ್ಕೆ ಕೈ ಹಾಕಿದ್ದನ್ನು ನೋಡುತ್ತಲೇ ಇದ್ದರಂತೆ. ಅದು ಎಲ್ಲೋ ದೂರದಲ್ಲಿ, ಬೇರೆ ಯಾರದೋ ಮನೆಯಲ್ಲಿ ನಡೆಯುತ್ತಿದೆ ಅನ್ನಿಸಿತಂತೆ. ನಾನು ಕೊಡ ಎಸೆದು ಓಡಿ ಬಂದಾಗಲೂ ಅವರು ಎದ್ದಿರಲಿಲ್ಲ.

ಆಗ ಅವರು ದಿನಕ್ಕೆ ನಾಲ್ಕು ಐದು ಸಲ ಗಾಂಜಾ ಸೇದುತ್ತಿದ್ದರು. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಡೆಯಿಂದ ಹುಣಸೆಹಣ್ಣು, ಬಿದಿರು ತರುವ ಲಾರಿ ಓಡಿಸುತ್ತಿದ್ದರು. ದಾರಿಯಲ್ಲಿ ಜೊತೆಯವರು ಆಯಾಸಕ್ಕೆ ಒಳ್ಳೆಯದು ಎಂದು ಚಿಲುಮೆ ಕೊಟ್ಟರಂತೆ. ಮೊದಲು ವಾರಕ್ಕೊಮ್ಮೆ. ಆಮೇಲೆ ಎದ್ದ ತಕ್ಷಣ. ಲಾರಿ ಕೆಲಸವೂ ಹೋಯಿತು. ಹೊಡೆದವರಲ್ಲ, ಬೈದವರಲ್ಲ. ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಇರುತ್ತಿದ್ದರು. ನಾನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಏನೆಂದು ಹೇಳುವುದು?

ಮಗುವಿನ ಕೈ ಸುಟ್ಟ ಸುದ್ದಿ ತೊರಪಲ್ಲಿ ಅಗ್ರಹಾರದ ಪಕ್ಕದ ನನ್ನ ತವರಿಗೆ ಮುಟ್ಟಿತು. ಮಾರನೆಯ ದಿನವೇ ನನ್ನ ಅಪ್ಪ ಬಂದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಕಾಂಪೌಂಡರ ತೋಟಕ್ಕೆ ನಡೆದರು. ಹಿಂದೆ ನಾನು. ನನ್ನ ಹಿಂದೆ, ಕರೆಯದಿದ್ದರೂ, ತಾತ.

ಕಾಂಪೌಂಡರು ಗಾಯ ತೊಳೆದು ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಅವರ ಬಲಗೈ ಹೆಬ್ಬೆರಳು ಟಿಂಚರಿನಿಂದ ಶಾಶ್ವತವಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಮಗು ಅಳು ನಿಲ್ಲಿಸಿ ಆ ಬೆರಳನ್ನೇ ನೋಡುತ್ತಿತ್ತು. ಅಪ್ಪ ಹೇಳಿದರು, “ಇವತ್ತೇ ಮಗಳ್ನೂ ಮೊಮ್ಮಗೂನೂ ಕರ್ಕೊಂಡು ಹೋಯ್ತೀನಿ. ಈ ಮನೆ ಸಾವಾಸ ಸಾಕು.”

ಕಾಂಪೌಂಡರು ಬಾಗಿಲ ಹತ್ತಿರ ನಿಂತಿದ್ದ ತಾತನ ಕಣ್ಣನ್ನು ಒಮ್ಮೆ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, “ಗೌಡ್ರೇ, ಒಂದು ಬೆಳೆ ಕಳೀಲಿ” ಎಂದರು.

“ಯಾವ ಬೆಳೆ? ರಾಗೀನಾ?”

“ರಾಗಿ ಅಲ್ಲ, ನಮ್ಮ ಹುಳದ್ದು. ನಾಳೆ ಮೊಟ್ಟೆ ಒಡೀತದೆ. ಹಣ್ಣಾಗಿ, ಗೂಡು ಕಟ್ಟೋ ಚಂದ್ರಿಕೆ ಹತ್ತೋಕೆ ಇಪ್ಪತ್ತಾರು ದಿನ. ಅಲ್ಲೀಗಂಟ ಇವ್ನು ನನ್ನ ತಾವ ಇರ್ಲಿ. ಅವತ್ತು ನೀವು ಬನ್ನಿ. ಕಣ್ಣಾರೆ ನೋಡಿ. ಸರಿ ಇಲ್ಲ ಅಂದ್ರೆ ಕರ್ಕೊಂಡೋಗಿ, ಅಡ್ಡ ಬರಾಕಿಲ್ಲ.”

“ಗಾಂಜಾ ಬಿಡ್ಸೋಕೆ ನಿಮ್ತಾವ ಮದ್ದೈತಾ?”

“ಇಲ್ಲ.”

ಅಪ್ಪನಿಗೆ ಸಿಟ್ಟು ಬಂತು. “ಮದ್ದಿಲ್ಲ ಅಂದ್ಮ್ಯಾಲೆ ಇಪ್ಪತ್ತಾರು ದಿನ ಇಟ್ಕೊಂಡು ಪೂಜೆ ಮಾಡ್ತೀರಾ?”

“ಬಿಟ್ಟಾಗ ಒಂದು ಹಿಂಸೆ ಆಯ್ತದೆ ಗೌಡ್ರೇ. ಆ ಹಿಂಸೆ ಕಮ್ಮಿ ಮಾಡೋಕೆ ಒಂದಿಷ್ಟು ಗೊತ್ತು. ಅದನ್ನ ಮಾಡ್ತೀನಿ. ಬಿಡೋದು ಅವ್ನ ಕೆಲ್ಸ.” ಹಾಗೆಂದು ತಾತನನ್ನು ಕೇಳಿದರು, “ಏನ್ಲಾ, ಬತ್ತೀಯಾ?”

ತಾತ ಮಗುವಿನ ಕೈಗೆ ಸುತ್ತಿದ್ದ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದರು. “ಬತ್ತೀನಿ” ಎಂದರು. ಅದೊಂದೇ ಮಾತು.

ಹುಳದ ಮನೆ ಎಂದರೆ ನಿಮಗೆ ಗೊತ್ತಿಲ್ಲ. ಹೆಂಚಿನ ಉದ್ದನೆಯ ಕೋಣೆ. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ತಟ್ಟೆಯ ತುಂಬ ಹುಳ. ರೇಷ್ಮೆ ಹುಳದಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಕೈಕಾಲು ತೊಳೆಯಬೇಕು. ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ. ಬೀಡಿ, ಹೊಗೆಸೊಪ್ಪು ಇಟ್ಟುಕೊಂಡವರು ಹೊಸ್ತಿಲು ದಾಟುವಂತಿಲ್ಲ. ಹೊಗೆ ತಾಗಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ, ಕಕ್ಕಿ ಸಾಯುತ್ತದೆ. ಸೇದುವುದನ್ನು ಬಿಡಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಅಲ್ಲದೆ ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೇಕು, ರಾತ್ರಿಯೂ ಬೇಕು. “ನಿದ್ದೆ ಬರ್ದೆ ಹೊರಳಾಡೋ ಬದ್ಲು ಎದ್ದು ಎರಡು ತಟ್ಟೆಗೆ ಸೊಪ್ಪು ಹಾಕ್ಲಿ. ನಂಗೂ ವಯಸ್ಸಾಯ್ತು, ಒಂದು ಆಳು ಸಿಕ್ಕಂಗಾಯ್ತು” ಎಂದು ಕಾಂಪೌಂಡರು ಹೇಳಿದರು. ಅದು ತಮಾಷೆಯೋ ನಿಜವೋ ಅವರ ಮುಖ ನೋಡಿ ತಿಳಿಯುತ್ತಿರಲಿಲ್ಲ.

ಅವತ್ತು ಸಾಯಂಕಾಲ ಅವರು ಒಂದು ಕೆಲಸ ಮಾಡಿದರು. ಆಗಿನ ಕಾಲದಲ್ಲಿ ಆಸ್ಪತ್ರೆಯಲ್ಲಿ ಕೆಂಪು ಔಷಧಿ ಕೊಟ್ಟರೆ ಸೀಸೆಯ ಬೆನ್ನಿಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯ ಅಂಚನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿರುತ್ತಿದ್ದರು. ಒಂದು ಹಲ್ಲಿಗೆ ಒಂದು ಡೋಸು. ಔಷಧಿ ಹಲ್ಲು ಹಲ್ಲಾಗಿ ಇಳಿಯುತ್ತ ಬರುತ್ತಿತ್ತು. ಅದೇ ತರಹದ ಪಟ್ಟಿಯನ್ನು ಕಾಂಪೌಂಡರು ಉದ್ದಕ್ಕೆ ಕತ್ತರಿಸಿ, ಗಂಜಿ ಹಚ್ಚಿ, ಹುಳದ ಮನೆಯ ಬಾಗಿಲ ಕಂಬಕ್ಕೆ ಅಂಟಿಸಿದರು. ಇಪ್ಪತ್ತಾರು ಹಲ್ಲು.

“ದಿನಕ್ಕೊಂದು ಡೋಸ್ ಕಣ್ಲಾ” ಎಂದು ತಾತನಿಗೆ ಪೆನ್ಸಿಲು ಕೊಟ್ಟರು. “ನಾಳೆದನ್ನ ಇವತ್ತು ಕುಡಿಯೋಕೆ ಹೋಗ್ಬ್ಯಾಡ. ಇವತ್ತಿಂದು ಮುಗ್ಸಿ ಗೀಟು ಹಾಕು.”

ಆಮೇಲೆ ನನ್ನನ್ನು ತೋಟದ ಬದುವಿಗೆ ಕರೆದು ನಿಲ್ಲಿಸಿದರು. ಮುಂದೆ ಏನೇನಾಗುತ್ತದೆ ಎಂದು ಒಂದೊಂದಾಗಿ ಹೇಳಿದರು. ನನಗೆ ಅವರು ಮಾಡಿದ ದೊಡ್ಡ ಉಪಕಾರ ಅದೇ ಎಂದು ಈಗ ಅನ್ನಿಸುತ್ತದೆ.

“ಕೇಳ್ಕೊ ತಾಯಿ. ನಾಳೆ ಚೆನ್ನಾಗಿರ್ತಾನೆ. ನಾಳಿದ್ದು ನಿದ್ದೆ ಬರಾಕಿಲ್ಲ. ಮೈಯೆಲ್ಲ ಬೆವ್ರು, ಕೈ ನಡುಕ. ಉಣ್ಣಾಕಿಲ್ಲ, ಹೊಟ್ಟೆ ತೊಳ್ಸ್ತದೆ ಅಂತಾನೆ. ಮೂರ್ನೇ ದಿನ, ನಾಲ್ಕ್ನೇ ದಿನ ಜಾಸ್ತಿ. ನಿನ್ನ ಬೈತಾನೆ. ನಿಮ್ಮಪ್ಪನ್ನ ಬೈತಾನೆ. ನಿನ್ನ ಅಡಿಗೇನ ಬೈತಾನೆ. ಅದು ಅವ್ನ ಮಾತಲ್ಲ, ಒಳಗಿಂದು ಹೊರಗೆ ಹೋಗ್ತಾ ಬಾಗ್ಲು ಒದೀತದೆ, ಅಷ್ಟೇಯ. ವಾರ ಆದ್ಮ್ಯಾಲೆ ಕೆಟ್ಟ ಕನಸು ಬೀಳ್ತವೆ, ಬೆಚ್ಚಿಬೀಳ್ತಾನೆ. ಹೆದರ್ಬ್ಯಾಡ. ಕನಸು ಬಿತ್ತು ಅಂದ್ರೆ ನಿದ್ದೆ ಬಂತು ಅಂತ.”

“ಒಂದು ನಿದ್ದೆ ಮಾತ್ರೆ ಕೊಡ್ಬಾರ್ದಾ ಅಣ್ಣಾ?” ಎಂದು ಕೇಳಿದೆ. ಬೇರೆ ಗಂಡಸಿನ ಹತ್ತಿರ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು ಇರಬೇಕು.

ಆಗದು ಎಂದು ಅವರು ತಲೆ ಅಲ್ಲಾಡಿಸಿದರು. ಸರ್ವೀಸಿನಲ್ಲಿದ್ದಾಗ ಒಬ್ಬನಿಗೆ ಹಾಗೆ ಕೊಟ್ಟಿದ್ದರಂತೆ. ಡಾಕ್ಟರು ಮೂರು ದಿನಕ್ಕೆ ಬರೆದಿದ್ದನ್ನು, ಅವನ ಹೆಂಡತಿ ಅತ್ತಳೆಂದು, ತಾವೇ ತಿಂಗಳಾನುಗಟ್ಟಲೆ ಮುಂದುವರಿಸಿದರಂತೆ. ಗಾಂಜಾ ಹೋಯಿತು, ಮಾತ್ರೆ ಅಂಟಿಕೊಂಡಿತು. “ಒಂದು ಹಗ್ಗ ಬಿಚ್ತೀನಿ ಅಂತ ಹೋಗಿ ಇನ್ನೊಂದು ಬಿಗ್ದ್ಬುಟ್ಟೆ ತಾಯಿ. ನಂಗೆ ದಯೆ ಇತ್ತು, ಬುದ್ಧಿ ಇರ್ಲಿಲ್ಲ. ಅವ್ನು ಈಗಲೂ ಸಂತೇಲಿ ಕಂಡ್ರೆ ಕೈ ಮುಗೀತಾನೆ. ನಂಗೆ ತಲೆ ಎತ್ತೋಕಾಗಲ್ಲ” ಎಂದರು. ಆಮೇಲೆ, “ಇಲ್ದೆ ಇರೋದು ಕಂಡಂಗೆ ಮಾತಾಡಿದ್ರೆ, ಫಿಟ್ಸು ಬಂದ್ರೆ, ಸಾಯ್ತೀನಿ ಅಂದ್ರೆ ಮಾತ್ರ ನಾನು ಒಂದು ಗಳಿಗೆ ಇಟ್ಕೊಳ್ಳಾಕಿಲ್ಲ. ಕೃಷ್ಣಗಿರಿ ದೊಡ್ಡಾಸ್ಪತ್ರೆಗೇ ಸೈ. ಆಗ ನೀನು ಬ್ಯಾಡ ಅನ್ಬಾರ್ದು” ಎಂದು ಮಾತು ತೆಗೆದುಕೊಂಡರು.

ಅವರ ಚಿಕಿತ್ಸೆಯಲ್ಲಿ ಗುಟ್ಟಿನದೇನೂ ಇರಲಿಲ್ಲ. ಬೆಳಗಾಗೆದ್ದು ತಲೆಗೆ, ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು. ಬಿಸಿಲೇರುವ ಮೊದಲು ಸೊಪ್ಪು ಕೊಯ್ಯುವುದು. ಹೊಟ್ಟೆ ತೊಳೆಸಿದರೆ ಶುಂಠಿ, ಜೀರಿಗೆ ಕಷಾಯ. ಊಟ ಹೋಗದಿದ್ದರೆ ಬಲವಂತ ಮಾಡದೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಅರ್ಧರ್ಧ ಲೋಟ, ದಿನಕ್ಕೆ ಆರೇಳು ಸಲ. ಮಧ್ಯಾಹ್ನ ಮಲಗುವ ಹಾಗಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಸಂಜೆ ಕೆರೆ ಏರಿಯ ಮೇಲೆ ಇಬ್ಬರೂ ನಡೆಯುವುದು. ನಡೆಯುವಾಗ ಅವರು ಏನೂ ಉಪದೇಶ ಮಾಡುತ್ತಿರಲಿಲ್ಲವಂತೆ. ಬರೀ ಹುಳದ ವಿಷಯ, ಸೊಪ್ಪಿನ ವಿಷಯ. ಒಂದು ಸಲ ತಾತ, “ನೀನು ಕೆಟ್ಟೋನು ಅಂತ ಒಂದ್ಸಲ ಬೈದ್ಬಿಡಣ್ಣ, ನಂಗೆ ಹಗುರಾಯ್ತದೆ” ಎಂದರಂತೆ. “ಅದಕ್ಕೆ ನಿಮ್ಮ ಮಾವ ಅವ್ರೆ. ನಂದು ಬೇರೆ ಡಿಪಾರ್ಟ್ಮೆಂಟು” ಎಂದರಂತೆ ಅವರು.

ಅವರು ಹೇಳಿದ್ದು ಹೇಳಿದ ಹಾಗೇ ನಡೆಯಿತು. ಎರಡನೆಯ ದಿನ ತಾತನ ಅಂಗಿ ಬೆವರಿನಿಂದ ತೊಯ್ದಿತ್ತು. ಮೂರನೆಯ ದಿನ ಕಂಬದ ಕಾಗದವನ್ನು ಕಿತ್ತೆಸೆದರು. ಕಾಂಪೌಂಡರು ಮಾತಾಡದೆ ಕತ್ತರಿ ತಂದು ಇನ್ನೊಂದು ಕತ್ತರಿಸಿ ಅಂಟಿಸಿದರು. ಮೊದಲ ಎರಡು ಹಲ್ಲಿಗೆ ತಾವೇ ಗೀಟು ಹಾಕಿದರು. “ಆಗಿದ್ದು ಆಗೈತೆ. ಕಾಗ್ದ ಹರಿದ್ರೆ ದಿನ ವಾಪಸ್ ಹೋಯ್ತದಾ?”

ನಾಲ್ಕನೆಯ ದಿನ ನಾನು ತಪ್ಪು ಮಾಡಿದೆ.

ದಿನಾ ಬೆಳಿಗ್ಗೆ ಅಂಬಲಿ ತೆಗೆದುಕೊಂಡು ಮಗುವನ್ನು ಎತ್ತಿಕೊಂಡು ತೋಟಕ್ಕೆ ಹೋಗುತ್ತಿದ್ದೆ. ಅವತ್ತು ಕಾಂಪೌಂಡರು ಸುಣ್ಣದ ಪುಡಿ ತರಲು ರಾಯಕೋಟೆಗೆ ಹೋಗಿದ್ದರು. ಅವರ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ತಾತ ಹುಳದ ಮನೆಯ ಹೊಸ್ತಿಲ ಹೊರಗೆ ಕೂತಿದ್ದರು. ಅಂಬಲಿ ಮುಂದಿಟ್ಟೆ. ಒಂದು ಗುಟುಕು ಕುಡಿದು ಚೊಂಬನ್ನು ಅಂಗಳಕ್ಕೆ ಎಸೆದರು.

“ಏನಿದು, ಕಲಗಚ್ಚು? ದನಕ್ಕಾದ್ರೂ ಇದ್ಕಿಂತ ರುಚಿಯಾಗ್ ಹಾಕ್ತಾರೆ. ನಿಮ್ಮಪ್ಪಂಗೆ ಹೇಳು, ಬಂದು ಕರ್ಕೊಂಡೋಗ್ಲಿ. ಇವತ್ತು ನಾನು ಹೊಂಟೆ” ಎಂದು ಟವಲಿನಲ್ಲಿ ತಮ್ಮ ಎರಡು ಬಟ್ಟೆ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡರು.

ಅವರು ಹೋದರೆ ಸಂಜೆಯೊಳಗೆ ಚಿಲುಮೆ ಹಿಡಿಯುತ್ತಾರೆ, ನಾನು ತವರಿನ ಬಸ್ಸು ಹತ್ತಬೇಕು. ಇಷ್ಟು ನನಗೆ ಗೊತ್ತಿತ್ತು. ಬೈಯುತ್ತಾರೆ ಎಂದು ಮೊದಲೇ ಹೇಳಿದ್ದರಲ್ಲ, ಅದೂ ಗೊತ್ತಿತ್ತು. ಆದರೆ ಆ ಬೆವರು, ಆ ನಡುಗುವ ಕೈ, ಆ ಕೆಂಪು ಕಣ್ಣು ನೋಡಿ ನನ್ನ ತಲೆಗೆ ನಮ್ಮ ಅಜ್ಜಿ ಹೇಳಿಕೊಟ್ಟದ್ದೇ ಬಂತು. ದೃಷ್ಟಿಯಾಗಿದೆ. ಎರಡು ದಿನ ನೆಟ್ಟಗೆ ಕೆಲಸ ಮಾಡಿದ್ದನ್ನು ಯಾರೋ ನೋಡಿ ಕಣ್ಣು ಹಾಕಿದ್ದಾರೆ. “ಒಂದೇ ಒಂದು ನಿಮಿಷ ನಿಲ್ಲಿ” ಎಂದು ಕೈ ಮುಗಿದು ಅಕ್ಕನ ಅಡಿಗೆಮನೆಗೆ ಓಡಿದೆ. ಮುಷ್ಟಿ ಒಣಮೆಣಸಿನಕಾಯಿ, ಕಲ್ಲುಪ್ಪು, ಸಾಸಿವೆ ತೆಗೆದುಕೊಂಡೆ. ಧೂಪದ ತಟ್ಟೆಯಲ್ಲಿ ಕೆಂಡ ತಂದೆ. ಅವರಿಗೆ ಮೂರು ಸಲ ಇಳಿ ತೆಗೆದು, ಹುಳದ ಮನೆಯ ಹೊಸ್ತಿಲಲ್ಲೇ ಕೆಂಡಕ್ಕೆ ಸುರಿದೆ.

ದೃಷ್ಟಿ ಇದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎನ್ನುತ್ತಾರೆ. ಅವತ್ತು ಬಂದ ಘಾಟಿಗೆ ನಾನೂ ತಾತನೂ ಮಗುವೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿದೆವು. ಗಾಳಿ ತೋಟದ ಕಡೆಯಿಂದ ಬೀಸುತ್ತಿತ್ತು. ಹೊಗೆಯೆಲ್ಲ ಒಳಗೆ ಹೋಯಿತು.

“ಅಯ್ಯಯ್ಯೋ, ಹುಳಾ! ಯಾವ ಮನೆಹಾಳಿಯೇ ಅದು, ಹುಳಾ!” ಎಂದು ಅಕ್ಕ ಹಿತ್ತಲಿನಿಂದ ಕೂಗಿದಾಗಲೇ ನನಗೆ ಅರಿವಾದದ್ದು.

ತಾತ ಒಳಗೆ ನೋಡಿದರು. ನಾಲ್ಕು ದಿನದ ಹುಳ ದಾರದ ತುಂಡಿನಷ್ಟು ಸಣ್ಣದು. ತಟ್ಟೆಯ ಮೇಲೆಲ್ಲ ತಲೆ ಎತ್ತಿ ಎತ್ತಿ ಒದ್ದಾಡುತ್ತಿದ್ದವು. ಹೆಗಲ ಗಂಟು ಯಾವಾಗ ಬಿತ್ತೋ ತಿಳಿಯದು. ಕೆಂಡದ ತಟ್ಟೆಯನ್ನು ಬರಿಗಾಲಲ್ಲಿ ಅಂಗಳಕ್ಕೆ ಒದ್ದರು. ಒಂದೊಂದೇ ತಟ್ಟೆ ಎತ್ತಿಕೊಂಡು ಹೋಗಿ ಹೊಂಗೆ ಮರದ ನೆರಳಿಗೆ ಇಟ್ಟರು. “ಇರುವೆ ಬರದಂಗೆ ನೋಡ್ಕೊ! ಅಕ್ಕಾ, ಎಳೆ ಸೊಪ್ಪು ಸಣ್ಣಕೆ ಹೆಚ್ಚು! ಕೋಳಿ ಗರಿ ಎಲ್ಲೈತೆ?” ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ.

ಎಳೆ ಹುಳವನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಕೋಳಿ ಗರಿಯಿಂದ ಸವರಿ ಹೊಸ ತಟ್ಟೆಗೆ ಇಳಿಸಬೇಕು. ಅವರ ಕೈ ನಡುಗುತ್ತಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಮಧ್ಯಾಹ್ನದವರೆಗೂ ಅವರು ಹುಳ ಸವರಿದರು. ಬದುಕಿದ್ದನ್ನು ಇತ್ತ, ಸತ್ತಿದ್ದನ್ನು ಅತ್ತ. ಊಟದ ಹೊತ್ತಿಗೆ ಅಕ್ಕ ಕೊಟ್ಟ ಅಂಬಲಿಯನ್ನು ತಟ್ಟೆಯಿಂದ ಕಣ್ಣು ತೆಗೆಯದೆ ಕುಡಿದರು. ಅದೇ ಅಂಬಲಿ. ರುಚಿಯ ಮಾತೇ ಬರಲಿಲ್ಲ.

ಕಾಂಪೌಂಡರು ಬಂದಾಗ ನಾನು ಕಂಬದ ಹಿಂದೆ ಮಗುವನ್ನು ಅಪ್ಪಿಕೊಂಡು ನಿಂತಿದ್ದೆ. ಅವರು ಸೈಕಲ್ ನಿಲ್ಲಿಸಿದರು, ಮರದ ಕೆಳಗಿನ ತಟ್ಟೆಗಳನ್ನು ನೋಡಿದರು. ಮೂರರಲ್ಲಿ ಒಂದು ಪಾಲು ಹುಳ ಹೋಗಿತ್ತು.

“ಯಾರು?” ಎಂದರು.

ತಾತ ಗರಿ ಕೆಳಗಿಡದೆ ಹೇಳಿದರು, “ನಾನೇ ಅಣ್ಣ. ತಡಿಯಕ್ಕಾಗ್ಲಿಲ್ಲ. ಒಂದು ಬೀಡಿ ಹಚ್ಚ್‌ಬುಟ್ಟೆ.”

ಕಾಂಪೌಂಡರು ಮೂಗೆತ್ತಿ ಗಾಳಿ ಮೂಸಿದರು. ಒಂದು ಸಲ ಸೀನಿದರು. “ಬೀಡಿ ಒಳಗೆ ಮೆಣಸಿನಕಾಯಿ ಸುತ್ತಿದ್ಯೇನ್ಲಾ?”

ಅಕ್ಕನಿಗೆ ಮೊದಲು ನಗು ಬಂತು. ಆಮೇಲೆ ತಾತನಿಗೆ. ನಗುತ್ತ ನಗುತ್ತ ಅವರು ತಟ್ಟೆಯ ಪಕ್ಕದಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಕಾಂಪೌಂಡರು ಅವರ ಹತ್ತಿರ ಹೋಗಲಿಲ್ಲ. ಕೈಕಾಲು ತೊಳೆದು, ಸೆರಗಿನಲ್ಲಿ ಮುಖ ಮರೆಸಿಕೊಂಡಿದ್ದ ನನ್ನ ಮುಂದೆ ನಿಂತು, “ದೃಷ್ಟಿ ಹೋಯ್ತಾ ತಾಯಿ?” ಎಂದು ಕೇಳಿದರು. ಹೂಂ ಎಂದು ತಲೆ ಅಲ್ಲಾಡಿಸಿದೆ. “ಹೋಗ್ಲಿ ಬಿಡು. ಹುಳಾನೂ ಒಂದಿಷ್ಟು ತಕ್ಕೊಂಡೋಯ್ತು.” ಬಿದ್ದಿದ್ದ ಬಟ್ಟೆ ಗಂಟನ್ನು ತಾವೇ ಎತ್ತಿ, ಇರುವೆ ಕೊಡವಿ, ಒಳಗಿನ ಗೂಟಕ್ಕೆ ನೇತು ಹಾಕಿದರು.

ಬೈಯಲಿಲ್ಲ ನಿಜ. ಆದರೆ ಸುಮ್ಮನೆ ಬಿಟ್ಟವರೂ ಅಲ್ಲ. ಆಮೇಲೆ ಬೆಳೆ ಮುಗಿಯುವವರೆಗೂ ನಾನು ತೋಟದ ಬೇಲಿ ದಾಟಬೇಕಾದರೆ ಎರಡು ಅಂಗೈ ಬಿಚ್ಚಿ ತೋರಿಸಬೇಕಾಗಿತ್ತು, ಸ್ಕೂಲಿನ ಮಕ್ಕಳ ಹಾಗೆ. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ನಿಮ್ಮ ಅಮ್ಮನೂ ನನ್ನನ್ನು ನೋಡಿ ತನ್ನ ಪುಟ್ಟ ಕೈಗಳನ್ನು, ಬಟ್ಟೆ ಸುತ್ತಿದ್ದನ್ನೂ ಸೇರಿಸಿ, ಚಾಚುತ್ತಿದ್ದಳು. ಅವಳ ಕೈಯನ್ನು ಮಾತ್ರ ಅವರು ಬಹಳ ಹೊತ್ತು ಪರೀಕ್ಷೆ ಮಾಡಿ “ಪಾಸ್” ಎನ್ನುತ್ತಿದ್ದರು.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಒಂದು ದಿನ ಹಾಗೆ ಇದ್ದು ಹಳೆಯ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹಾಗೆ. ಜ್ವರಕ್ಕೆ ಕೂತ ಹುಳವನ್ನು ಮುಟ್ಟಬಾರದು, ತಿನ್ನು ಎಂದು ಸೊಪ್ಪು ಹೇರಬಾರದು. ತಾತನಿಗೆ ಎಂಟನೇ ದಿನ ಕೆಟ್ಟ ಕನಸು ಶುರುವಾಗಿ, ಹಗಲೆಲ್ಲ ಮಂಕಾಗಿ ಕೂತಾಗ ನಾನು, “ಏನಾದ್ರೂ ಕೇಳ್ಲಾ, ಮಾತಾಡಿಸ್ಲಾ” ಎಂದು ಚಡಪಡಿಸಿದೆ. “ಜ್ವರಕ್ಕೆ ಕೂತವ್ನೆ. ಏಳ್ತಾನೆ ಬಿಡು” ಎಂದರು ಕಾಂಪೌಂಡರು. ಎರಡು ದಿನಕ್ಕೆ ಎದ್ದರು. ಮೂರನೇ ವಾರ ಮುದ್ದೆ ಕೇಳಿ ಹಾಕಿಸಿಕೊಂಡರು. ನಾಲ್ಕನೇ ಜ್ವರ ಎದ್ದ ಹುಳ ಹಗಲು ರಾತ್ರಿ ತಿನ್ನುತ್ತದಲ್ಲ, ಹಾಗೆ ತಿನ್ನುತ್ತಾರೆ ಎಂದು ಅಕ್ಕ ರೇಗಿಸುತ್ತಿದ್ದರು.

ಇಪ್ಪತ್ತಾರನೆಯ ದಿನ ಅಪ್ಪ ಬಂದರು. ನನ್ನ ಸೀರೆಗಳನ್ನು ತುಂಬಿಕೊಳ್ಳಲು ಖಾಲಿ ಚೀಲ ತಂದಿದ್ದರು. ಕಾಂಪೌಂಡರು ಅವರಿಗೆ ಒಂದು ಮಾತೂ ವರದಿ ಒಪ್ಪಿಸಲಿಲ್ಲ. “ಬನ್ನಿ, ಬಾಗ್ಲಾಗೆ ಕೂತ್ಕಂಡು ನೋಡಿ” ಎಂದರು.

ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಡುವ ದಿನ. ಚಂದ್ರಿಕೆ ಎಂದರೆ ಬಿದಿರ ದಬ್ಬೆಯನ್ನು ಸುತ್ತುಸುತ್ತಾಗಿ ಹೆಣೆದ ಚಾಪೆ, ಅದರ ಮೇಲೆ ಹುಳ ಗೂಡು ಕಟ್ಟುತ್ತದೆ. ಹಣ್ಣು ಹುಳದ ಮೈ ತುಂಬ ರೇಷ್ಮೆಯ ರಸ. ಸ್ವಲ್ಪ ಬಿಗಿಯಾಗಿ ಹಿಡಿದರೆ ಒಡೆಯುತ್ತದೆ, ಕೈ ನಡುಗಿ ಬಿದ್ದರೂ ಕೆಟ್ಟಿತು. ಕಾಂಪೌಂಡರು ಒಂದು ಹುಳವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಅದೊಂದು ಸಲ ಆ ಅಭ್ಯಾಸಕ್ಕೆ ಅರ್ಥ ಇತ್ತು. ಹುಳದ ಮೈ ಗಾಜಿನ ಹಾಗೆ ಹೊಳೆಯಿತು. “ಹಣ್ಣಾಗೈತೆ. ತಕ್ಕೊಳ್ಲಾ” ಎಂದು ತಾತನ ಅಂಗೈಗೆ ಇಟ್ಟರು.

ತಾತ ಒಂದೊಂದೇ ಹುಳವನ್ನು ಎರಡು ಬೆರಳಲ್ಲಿ ಎತ್ತಿ ಚಂದ್ರಿಕೆಯ ಮೇಲೆ ಇಡುತ್ತಾ ಹೋದರು. ಇಪ್ಪತ್ತು, ಮೂವತ್ತು, ಐವತ್ತು. ಒಂದೂ ಬೀಳಲಿಲ್ಲ. ಅಪ್ಪ ಅವರ ಮುಖ ನೋಡುತ್ತಿರಲಿಲ್ಲ, ಕೈಯನ್ನೇ ನೋಡುತ್ತಿದ್ದರು. ನಾನು ಅಪ್ಪನ ಕೈಯಲ್ಲಿದ್ದ ಚೀಲವನ್ನು ನೋಡುತ್ತಿದ್ದೆ.

ಬಹಳ ಹೊತ್ತಾದ ಮೇಲೆ ಅಪ್ಪ ಎದ್ದು ಚಪ್ಪಲಿಯನ್ನು ಅಂಗಳದಲ್ಲಿ ಬಿಟ್ಟರು. ಬಚ್ಚಲಿಗೆ ಹೋಗಿ ಕೈಕಾಲು ತೊಳೆದರು. ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದರು. “ಅಳಿಯಂದ್ರೇ,” ಎಂದರು, “ಯಾವುದು ಹಣ್ಣು, ಯಾವುದು ಕಾಯಿ, ನಂಗೂ ಒಸಿ ತೋರ್ಸಿ.” ಕಾಂಪೌಂಡರು ಅಪ್ಪನನ್ನು ತಡೆದು ನಿಲ್ಲಿಸಿ, “ಮೊದ್ಲು ಅಂಗೈ ತೋರ್ಸಿ ಗೌಡ್ರೇ” ಎಂದರು.

ಆಮೇಲೆ ತಾತನಿಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು, ನಾವು ಅಲ್ಲಿ ಮನೆ ಮಾಡಿದ್ದು ನಿಮಗೆ ಗೊತ್ತೇ ಇದೆ. ಕಾಂಪೌಂಡರ ತೋಟಕ್ಕೆ ಹೋಗಿ ಬರುತ್ತಿದ್ದೆವು. ಯಾವತ್ತಾದರೂ ನಮಗೆ ಪರಿಚಯವಿಲ್ಲದ ಒಬ್ಬ ಗಂಡಸು ತಟ್ಟೆಗೆ ಸೊಪ್ಪು ಹಾಕುತ್ತಿರುತ್ತಿದ್ದ. ಅವನ ಕೈ ನಡುಗುತ್ತಿರುತ್ತಿತ್ತು. ಯಾರೆಂದು ನಾವು ಕೇಳುತ್ತಿರಲಿಲ್ಲ. ಬಂದವರೆಲ್ಲ ಬಿಟ್ಟರು ಎಂದು ನಾನು ಹೇಳಲಾರೆ. ಅರ್ಧಕ್ಕೇ ಎದ್ದು ಹೋದವರೂ ಇದ್ದರು. ಕಾಂಪೌಂಡರು ಅವರ ಹಿಂದೆ ಹೋಗುತ್ತಿರಲಿಲ್ಲ, ಕಾಗದವನ್ನು ಮಾತ್ರ ಕಂಬದಿಂದ ಕೀಳುತ್ತಿರಲಿಲ್ಲ.

ಊರವರ ಗಾಯಗಳಿಗೆಲ್ಲ ಬಟ್ಟೆ ಸುತ್ತಿದ ಮನುಷ್ಯ ತಮ್ಮ ಕಾಲಿನ ಗಾಯವನ್ನು ಪಂಚೆಯಲ್ಲಿ ಮುಚ್ಚಿಕೊಂಡು ಓಡಾಡಿದರು. ಸಕ್ಕರೆ ಕಾಯಿಲೆ ಇತ್ತು. ಅಕ್ಕ ಎಷ್ಟು ಹೇಳಿದರೂ ಬೆಲ್ಲದ ಕಾಫಿ ಬಿಡಲಿಲ್ಲ. “ಎಲ್ರಿಗೂ ಬಿಡ್ಸ್ತಾನೆ, ಇವ್ನಿಗೆ ಬಿಡ್ಸೋರಿಲ್ಲ” ಎಂದು ಆ ಮುದುಕಿ ನನ್ನ ಹತ್ತಿರ ಕಣ್ಣೊರೆಸಿಕೊಂಡಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಬೆಳೆ ಮೂರನೇ ಜ್ವರದಲ್ಲಿದ್ದಾಗ, ಅವರು ಹೋದರು.

ಮಣ್ಣು ಮಾಡಿ ಬಂದ ದಿನ ತಾತ ಸ್ನಾನ ಮಾಡಿ, ತಮ್ಮ ಟ್ರಂಕು ತೆಗೆದು, ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟರು. ಹಲ್ಲು ಹಲ್ಲಾಗಿ ಕತ್ತರಿಸಿದ ಪಟ್ಟಿ. ನಾನು ಕಂಬದ ಮೇಲಿನದು ಎಂದುಕೊಂಡೆ. ಆದರೆ ಇದರಲ್ಲಿ ಒಂಬತ್ತೇ ಹಲ್ಲು.

“ಇದು ಎರಡ್ನೇದು” ಎಂದರು.

ಹೊಸೂರಿಗೆ ಬಂದ ಎರಡನೆಯ ವರ್ಷ. ಹಳೆಯ ಲಾರಿಯ ಗೆಳೆಯ ಒಬ್ಬ ಸಿಕ್ಕಿದ್ದ. ಒಂದು ದಿನ, ಎರಡು ದಿನ, ಒಂದು ವಾರ. ಆಮೇಲೆ ಇವರೇ ಹೆದರಿ ಉದ್ದನಪಲ್ಲಿ ಬಸ್ಸು ಹತ್ತಿದ್ದರು. ಕಾಂಪೌಂಡರಿಗೆ ಬೆಳೆಗೆ ಆಳು ಬೇಕಂತೆ, ಕಾರ್ಖಾನೆಗೆ ಒಂಬತ್ತು ದಿನ ರಜೆ ಹಾಕಿದ್ದೇನೆ ಎಂದು ನನಗೆ ಹೇಳಿದ್ದು ನೆನಪಾಯಿತು. ದಾರಿಗೆ ರೊಟ್ಟಿ ಕಟ್ಟಿ ಕೊಟ್ಟವಳು ನಾನೇ. ಹುಳದ ಮನೆಯ ಮುಂದೆ ನಿಂತು, “ಅಣ್ಣ, ಮತ್ತೆ ಬಿದ್ದೆ” ಎಂದರಂತೆ. ಕಾಂಪೌಂಡರು ಕತ್ತರಿ ಹುಡುಕುತ್ತ, “ಹುಳಕ್ಕಾದ್ರೆ ನಾಲ್ಕೇ ಜ್ವರ. ಮನುಷ್ಯಂಗೆ ಎಷ್ಟು ಅಂತ ಯಾರೂ ಹೇಳಿಲ್ಲ ಕಣ್ಲಾ. ಕೈ ತೊಳ್ಕೊಂಡು ಒಳೀಕೆ ಬಾ” ಎಂದರಂತೆ.

ನನಗೆ ಕೋಪ ಬಂತು. ಅವತ್ತೇ ಮಣ್ಣಾದವರ ಮೇಲೆ ಕೋಪ ಬಂತು. “ಅವರಾದ್ರೂ ನಂಗೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ?”

“ನಾನೇ ಕೇಳ್ದೆ. ನೀವೇ ಹೇಳ್ಬಿಡಿ ಅಂದೆ. ‘ಅದು ನನ್ನ ಬಾಯಿಂದ ಹೋಗೋ ಮಾತಲ್ಲ. ನಿಂಗೆ ಧೈರ್ಯ ಬಂದ ದಿನ ನೀನೇ ಹೇಳು’ ಅಂದ್ರು” ಎಂದರು ತಾತ. ಟ್ರಂಕು ಮುಚ್ಚಿ, “ಇವತ್ತು ಬಂತು” ಎಂದರು.

ನನಗೆ ಬಂದಿದ್ದು ಈಗ, ಅವರೂ ಹೋಗಿ ಒಂದು ವರ್ಷ ಆದ ಮೇಲೆ.

ಆ ಪಟ್ಟಿ ನನ್ನ ಪೆಟ್ಟಿಗೆಯಲ್ಲಿದೆ. ನೋಡಬೇಕೆನ್ನಿಸಿದರೆ ತೋರಿಸುತ್ತೇನೆ. ತಾತನ ಮೇಲಿನ ಗೌರವ ನಿಮಗೆ ಕಡಿಮೆಯಾಗುವುದಿಲ್ಲ ಎಂದು ನಂಬಿ ಬರೆದಿದ್ದೇನೆ. ಒಂದು ಬೀಡಿ ಮುಟ್ಟದವರಿಗಿಂತ ಅವರು ದೊಡ್ಡವರು ಎಂದೇ ನನ್ನ ಎಣಿಕೆ.

ಕಾಲ ಹೇಗಿದೆಯೋ, ನಿಮ್ಮ ದಾರಿಯಲ್ಲಿ ಯಾರು ಏನು ಕೊಡುತ್ತಾರೋ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಿಡಲಾಗದ್ದು ಏನಾದರೂ ಅಂಟಿಕೊಂಡರೆ ಬಚ್ಚಿಡಬೇಡಿ, ನನ್ನ ಹತ್ತಿರ ಬನ್ನಿ. ಮೊದಲ ಸಲವಾದರೂ ಬನ್ನಿ, ಐದನೇ ಸಲವಾದರೂ ಬನ್ನಿ. ಡಾಕ್ಟರ ಹತ್ತಿರ ನಾನೇ ಜೊತೆಗೆ ಬರುತ್ತೇನೆ. ಮನೆಯಲ್ಲಿ ಹರಳೆಣ್ಣೆ ಇದೆ, ರಾಗಿ ಹಿಟ್ಟಿದೆ. ಕತ್ತರಿ ಹಿಡಿಯಲು ಕೈಯಲ್ಲಿ ಇನ್ನೂ ಶಕ್ತಿ ಇದೆ. ಮೂರನೇ ದಿನ ನನ್ನ ಅಡಿಗೆಯನ್ನು ಬೈದರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೆಣಸಿನಕಾಯಿ ಮಾತ್ರ ಸುಡುವುದಿಲ್ಲ.